ವೆಬ್ ಡಿಸೈನ್ ಮೊದಲ ಸಲ ಕಲಿಯುವ ಮಕ್ಕಳಿಂದ ನಾವು ಏನು ಕೇಳಬೇಕು?

ಹುಲಿಗಿ_ಮೇಡಂ

ಎಲ್ಲರಿಗೂ ನಮಸ್ಕಾರ. ನಾನು ಕೊಪ್ಪಳ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಬಿಸಿಎ ಮಕ್ಕಳಿಗೆ ವೆಬ್ ಡಿಸೈನ್ ಹೇಳಿಕೊಡುತ್ತೇನೆ. ಇದು ಆರನೇ ವರ್ಷ. ಬರುವ ಸೋಮವಾರ ಹೊಸ ಬ್ಯಾಚ್ ಲ್ಯಾಬಿಗೆ ಕಾಲಿಡುತ್ತದೆ. ಈ ಸಲ ಮೊದಲ ದಿನವೇ ಮಕ್ಕಳ ಕೈಗೆ ಒಂದು ಹಾಳೆ ಕೊಡಬೇಕು ಅಂತಿದ್ದೇನೆ. ಸೆಮಿಸ್ಟರ್ ಮುಗಿಯುವ ಹೊತ್ತಿಗೆ ನಿಮ್ಮಿಂದ ನನಗೆ ಏನು ಬೇಕು ಅನ್ನೋದು ಅದರಲ್ಲಿರಬೇಕು. ಬರೆಯೋಕೆ ಕೂತರೆ ನನಗೇ ಗೊಂದಲ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಹೋದ ವರ್ಷದ ಪ್ರಾಕ್ಟಿಕಲ್ ಪರೀಕ್ಷೆಯ ಮಾತು. ಒಬ್ಬ ಹುಡುಗನ ರೆಕಾರ್ಡ್ ಪುಸ್ತಕ ಕಣ್ಣಿಗೆ ಒತ್ತಿಕೊಳ್ಳುವ ಹಾಗಿತ್ತು. ಸ್ಕೇಲ್ ಇಟ್ಟು ಗೆರೆ ಎಳೆದಿದ್ದ. ಒಂದು ಕಡೆಯೂ ಕಾಟು ಹೊಡೆದಿರಲಿಲ್ಲ. ಬಾಯಿಪಾಠ ಮಾಡಿದ್ದ ಫಾರ್ಮ್ ಪ್ರೋಗ್ರಾಂ ಹತ್ತು ನಿಮಿಷದಲ್ಲಿ ಟೈಪ್ ಮಾಡಿ ಔಟ್‌ಪುಟ್ ತೋರಿಸಿದ. "ಮೇಲಿನ ಹೆಡ್ಡಿಂಗ್ ಬಣ್ಣ ಹಸಿರು ಮಾಡಪ್ಪಾ" ಅಂದೆ. ಕೀಬೋರ್ಡ್ ಮೇಲೆ ಕೈ ಇಟ್ಟುಕೊಂಡು ಸುಮ್ನೆ ಕೂತ. ಯಾವ ಸಾಲಿಗೆ ಹೋಗಬೇಕು ಅನ್ನೋದೇ ಅವನಿಗೆ ಗೊತ್ತಿರಲಿಲ್ಲ. ಅವನದೇನೂ ತಪ್ಪಿಲ್ಲ. ಇಡೀ ಸೆಮಿಸ್ಟರ್ ನಾನು ಅವನಿಂದ ಕೇಳಿದ್ದೇ ಅಷ್ಟು. ರೆಕಾರ್ಡ್ ತುಂಬಿಸು, ಔಟ್‌ಪುಟ್ ತೋರಿಸು, ಸಹಿ ಹಾಕಿಸಿಕೋ.

ಅದೇ ಬ್ಯಾಚಿನಲ್ಲಿ ಒಬ್ಬ ಹುಡುಗಿ ಇದ್ದಳು. ಅವಳ ಚಿಕ್ಕಮ್ಮ ಜೋಳದ ರೊಟ್ಟಿ ಮಾಡಿ ಮಾರುತ್ತಾರೆ. ಅವರಿಗೋಸ್ಕರ ಒಂದು ಪುಟ ಮಾಡಿದ್ದಳು. ಒಂದು ಫೋಟೊ, ರೇಟು, ಫೋನ್ ನಂಬರ್, ಅಷ್ಟೇ. ಆದರೆ ಮೊಬೈಲ್‌ನಲ್ಲಿ ಆ ನಂಬರ್ ಒತ್ತಿದರೆ ನೇರ ಕರೆ ಹೋಗುವ ಹಾಗೆ ಲಿಂಕ್ ಕೊಟ್ಟಿದ್ದಳು. ನಾನು ಅದನ್ನು ಹೇಳಿಕೊಟ್ಟಿರಲಿಲ್ಲ. "ಗಿರಾಕಿಗಳು ನಂಬರ್ ಬರ್ಕೊಳ್ಳೋಕೆ ಪೆನ್ನು ಹುಡುಕ್ತಾರೆ ಮೇಡಂ, ಅದಕ್ಕೇ ಹಾಕಿದೆ" ಅಂದಳು. ಅವಳ ರೆಕಾರ್ಡ್ ಅರ್ಧ ಖಾಲಿ. ಇಂಟರ್ನಲ್ಸ್‌ನಲ್ಲಿ ಹುಡುಗನಿಗೇ ಜಾಸ್ತಿ ಬಂತು. ಅಂಕ ಹಾಕಿದ್ದು ನಾನೇ. ಅವತ್ತಿನಿಂದ ಮನಸ್ಸಿಗೆ ಸಮಾಧಾನ ಇಲ್ಲ.

ಈಗ ನನ್ನ ಮನಸ್ಸಲ್ಲಿ ಇರೋದು ಇಷ್ಟು. ಸೆಮಿಸ್ಟರ್ ಕೊನೆಗೆ ಪ್ರತಿಯೊಬ್ಬರೂ ಒಂದೇ ಒಂದು ಪುಟ ಮಾಡಿ ಮುಗಿಸಬೇಕು. ಊರಿನ ಯಾರೋ ಒಬ್ಬರ ಕೆಲಸಕ್ಕೆ ಅದು ಬರಬೇಕು. ಅದು ನೆಟ್‌ನಲ್ಲಿರಬೇಕು, ಅಪ್ಪನ ಮೊಬೈಲ್‌ನಲ್ಲೂ ತೆರೆಯಬೇಕು. ಯಾವ ಸಾಲು ತೋರಿಸಿ ಕೇಳಿದರೂ ಅದು ಏಕೆ ಇದೆ ಅಂತ ಹೇಳಬೇಕು. ಇದು ಜಾಸ್ತಿ ಆಯ್ತಾ, ಕಡಿಮೆ ಆಯ್ತಾ? ನಮ್ಮ ಕಡೆಯ ಮಕ್ಕಳನ್ನು ಬಲ್ಲವರು ಹೇಳಿ.

ಬಳ್ಳಾರಿ_ಕೋಟೆ

ಮೇಡಂ, ನಾನೂ ಇದೇ ವಿಷಯ ಹೇಳಿಕೊಡುವವನು, ಬಳ್ಳಾರಿಯಲ್ಲಿ. ನಿಮ್ಮ ಗುರಿ ಸರಿ ಇದೆ. ಆದರೆ ಅದಕ್ಕಿಂತ ಮೊದಲಿನ ಮೆಟ್ಟಿಲನ್ನು ನೀವು ಬಿಟ್ಟಿದ್ದೀರಿ. ಫೈಲ್ ಅಂದರೇನು, ಫೋಲ್ಡರ್ ಅಂದರೇನು ಅನ್ನೋದು.

ಈಗಿನ ಮಕ್ಕಳು ಮೊಬೈಲ್‌ನಲ್ಲೇ ಬೆಳೆದವರು. ಫೋಟೊ ಗ್ಯಾಲರಿಯಲ್ಲಿರುತ್ತದೆ, ಪಾಠ ವಾಟ್ಸಾಪ್‌ನಲ್ಲಿರುತ್ತದೆ. ಯಾವುದು ಎಲ್ಲಿ ಸೇವ್ ಆಗಿದೆ ಅಂತ ಯೋಚಿಸುವ ಪ್ರಸಂಗವೇ ಅವರಿಗೆ ಬಂದಿಲ್ಲ. ಲ್ಯಾಬಿನಲ್ಲಿ ಎಲ್ಲವನ್ನೂ ಡೆಸ್ಕ್‌ಟಾಪ್ ಮೇಲೆ ಸುರಿಯುತ್ತಾರೆ. ಮುಂದಿನ ವಾರ ಬೇರೆ ಸಿಸ್ಟಂ ಸಿಕ್ಕರೆ "ಸರ್, ನಂದು ಹೋಯ್ತು" ಅಂತಾರೆ. ಹಾಗಾಗಿ ಮೊದಲ ಎರಡು ಲ್ಯಾಬ್ ನಾನು ಒಂದೇ ಒಂದು ಟ್ಯಾಗ್ (ಪುಟದ ಯಾವ ಭಾಗ ಏನು ಅಂತ ಬ್ರೌಸರ್‌ಗೆ ತಿಳಿಸುವ ಗುರುತು) ಹೇಳುವುದಿಲ್ಲ. ಫೋಲ್ಡರ್ ಮಾಡಿಸುತ್ತೇನೆ. ಅದರೊಳಗೆ ಚಿತ್ರಗಳಿಗೆ ಇನ್ನೊಂದು ಫೋಲ್ಡರ್. ಹೆಸರಲ್ಲಿ ಖಾಲಿ ಜಾಗ ಬೇಡ, ಎಲ್ಲ ಇಂಗ್ಲಿಷಿನ ಸಣ್ಣಕ್ಷರ. ಮೊದಲ ಪುಟದ ಹೆಸರು ಇಂಡೆಕ್ಸ್. ಐದು ನಿಮಿಷಕ್ಕೊಮ್ಮೆ ಕಂಟ್ರೋಲ್ ಎಸ್. ಮನೆಗೆ ಹೋಗುವ ಮೊದಲು ಪೆನ್‌ಡ್ರೈವಿಗೆ ಒಂದು ಪ್ರತಿ, ಮೇಲ್‌ಗೆ ಒಂದು ಪ್ರತಿ. ನಮ್ಮಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಅಂತ ಹೇಳೋಕಾಗಲ್ಲ. ಯುಪಿಎಸ್ ಇರೋದು ಅರ್ಧ ಸಿಸ್ಟಂಗಳಿಗೆ ಮಾತ್ರ.

ಹಾಜರಾತಿಯ ಮಾತನ್ನೂ ಹಾಳೆಯಲ್ಲಿ ಬರೆಯಿರಿ. ಶೇಕಡಾ 75ರ ನಿಯಮ ಅಂತ ಹೆದರಿಸಬೇಡಿ, ಕಾರಣ ಹೇಳಿ. ವೆಬ್ ಡಿಸೈನ್ ಒಂದರ ಮೇಲೊಂದು ಕೂರುವ ವಿಷಯ. ಪುಟದ ಬಣ್ಣ, ಅಳತೆ ನಿರ್ಧರಿಸುವ ಸಿಎಸ್‌ಎಸ್‌ನ ಬಾಕ್ಸ್ ಹೇಳಿದ ದಿನ ತಪ್ಪಿಸಿಕೊಂಡ ಹುಡುಗನಿಗೆ ಆಮೇಲಿನ ಮೂರು ವಾರ ಏನೂ ಹತ್ತುವುದಿಲ್ಲ. ಹಿಂದಿನ ಬೆಂಚಿಗೆ ಹೋಗಿ ಕೂರುತ್ತಾನೆ. ಅವನಿಗೆ ಬುದ್ಧಿ ಇಲ್ಲ ಅಂತಲ್ಲ, ಅವತ್ತು ಹೊಲದಲ್ಲಿ ಮೆಣಸಿನಕಾಯಿ ಬಿಡಿಸುವ ಕೆಲಸ ಇತ್ತು.

ರೆಕಾರ್ಡ್ ವಿಷಯದಲ್ಲಿ ಮಾತ್ರ ನಿಮ್ಮ ಮಾತು ಒಪ್ಪುವುದಿಲ್ಲ. ಕೈಯಲ್ಲಿ ಬರೆದರೆ ಟ್ಯಾಗ್ ತೆರೆದದ್ದು, ಮುಚ್ಚಿದ್ದು ಕಣ್ಣಿಗೆ ಬೀಳುತ್ತದೆ. ರೆಕಾರ್ಡ್ ಇರಲಿ. ನಕಲು ಬರೆಸೋದು ಬೇಡ.

ಕುಷ್ಟಗಿ_ಬಿಸಿಎ

ಮೇಡಂ, ಸರ್, ನಾನು ಈಗ ಅಂತಿಮ ವರ್ಷದಲ್ಲಿದ್ದೇನೆ. ಒಂದರಿಂದ ಪಿಯುಸಿವರೆಗೂ ಕನ್ನಡ ಮಾಧ್ಯಮ. ನನ್ನ ಮೊದಲ ಲ್ಯಾಬ್ ಹೇಗಿತ್ತು ಅಂತ ಹೇಳಬೇಕು ಅನಿಸಿತು.

ಬೋರ್ಡ್ ಮೇಲೆ ಸರ್ ಬರೆದದ್ದನ್ನು ಅಕ್ಷರ ಅಕ್ಷರ ನೋಡಿ ಟೈಪ್ ಮಾಡಿದೆ. ಬ್ರೌಸರ್‌ನಲ್ಲಿ ತೆರೆದರೆ ಪುಟ ಖಾಲಿ. ಪಕ್ಕದವಳದು ಬಂತು. ಎದುರಿನವನದೂ ಬಂತು. ಕೇಳೋಕೆ ನಾಚಿಕೆ. ಇಂಗ್ಲಿಷಿನಲ್ಲೇ ಕೇಳಬೇಕೇನೋ ಅಂತ ಭಯ. ಇಡೀ ಎರಡು ಗಂಟೆ ಏನೋ ಬರೆಯುತ್ತಿರುವ ಹಾಗೆ ಸುಮ್ನೆ ಕೂತಿದ್ದೆ. ಟೈಟಲ್ ಟ್ಯಾಗನ್ನು ನಾನು ಮುಚ್ಚಿರಲಿಲ್ಲ. ಹಾಗೆ ಬಿಟ್ಟರೆ ಕೆಳಗೆ ಬರೆದಿದ್ದೆಲ್ಲ ಟೈಟಲ್ ಒಳಗೇ ಸೇರುತ್ತದೆ, ಪುಟದಲ್ಲಿ ಏನೂ ಕಾಣುವುದಿಲ್ಲ. ಒಂದು ಓರೆಗೀಟು ಬಿಟ್ಟಿದ್ದಕ್ಕೆ ಈ ವಿಷಯವೇ ನನಗೆ ಆಗಲ್ಲ ಅಂದುಕೊಂಡಿದ್ದೆ. ಮೂರು ವಾರ ಆದಮೇಲೆ ಒಬ್ಬ ಸೀನಿಯರ್ ಅಕ್ಕ ನೋಡಿ ಹೇಳಿದರು.

ಮೇಡಂ, ನಿಮ್ಮ ಹಾಳೆಯಲ್ಲಿ ಒಂದು ಸಾಲು ದಪ್ಪಕ್ಷರದಲ್ಲಿ ಬರೀರಿ. "ಪುಟ ಖಾಲಿ ಬಂದರೆ ಕೈ ಎತ್ತಿ. ಕನ್ನಡದಲ್ಲೇ ಕೇಳಿ." ಇದನ್ನೂ ಮಕ್ಕಳಿಂದ ನಿರೀಕ್ಷೆ ಮಾಡಿ. ಕೇಳೋದು ಕೂಡ ಕಲಿಕೆಯಲ್ಲೇ ಸೇರಿದೆ ಅಂತ ನಮಗೆ ಯಾರೂ ಹೇಳಿರಲಿಲ್ಲ.

ಇನ್ನೊಂದು ಮಾತು. ಟ್ಯಾಗ್‌ಗಳ ಇಂಗ್ಲಿಷ್ ತುಂಬ ಕಡಿಮೆ. ಮೊದಲ ಸೆಮ್‌ಗೆ ಬೇಕಾಗುವ ಪದ ಎಣಿಸಿದರೆ ನಲವತ್ತೋ ಐವತ್ತೋ. ಹೆಡ್, ಬಾಡಿ, ಲಿಸ್ಟ್, ಟೇಬಲ್. ಇವೆಲ್ಲ ನಮ್ಮ ಅಜ್ಜಿಗೂ ಗೊತ್ತಿರುವ ಪದಗಳು. ಇದನ್ನು ಮೊದಲ ದಿನವೇ ಹೇಳಿದರೆ ಅರ್ಧ ಭಯ ಹೋಗುತ್ತದೆ. ಕಲರ್ ಅನ್ನೋದನ್ನು ಅಮೆರಿಕದವರ ಸ್ಪೆಲ್ಲಿಂಗ್‌ನಲ್ಲಿ, ನಡುವೆ ಯು ಇಲ್ಲದೆ ಬರೀಬೇಕು ಅನ್ನೋದನ್ನೂ ಹೇಳಿಬಿಡಿ. ಶಾಲೆಯಲ್ಲಿ ಕಲಿತ ಹಾಗೆ ಬರೆದು ಎಷ್ಟೋ ಜನ ಸಿಕ್ಕಿಹಾಕಿಕೊಳ್ಳುತ್ತಾರೆ.

ಸಿಂಧನೂರು_ಡೆವಲಪರ್

ಊರು ಸಿಂಧನೂರು, ಕೆಲಸ ಬೆಂಗಳೂರು. ಹನ್ನೊಂದು ವರ್ಷದಿಂದ ಇದೇ ಕೆಲಸ. ಹೊಸಬರ ಇಂಟರ್‌ವ್ಯೂ ಮಾಡುವ ತಂಡದಲ್ಲೂ ಇದ್ದೇನೆ. ನಮ್ಮ ಕಡೆಯ ಮಕ್ಕಳು ಬಂದಾಗ ಮನಸ್ಸು ಅವರ ಕಡೆಗೇ ವಾಲುತ್ತದೆ. ಹಾಗಾಗಿ ನೇರವಾಗಿ ಹೇಳುತ್ತೇನೆ.

ಬಯೋಡೇಟಾದಲ್ಲಿ ಹತ್ತು ತಂತ್ರಜ್ಞಾನದ ಹೆಸರು ಇರುತ್ತದೆ. ಒಂದು ಬಟನ್ ಅನ್ನು ಪುಟದ ನಡುವೆ ತನ್ನಿ ಅಂದರೆ ಕೈ ಓಡುವುದಿಲ್ಲ. ಅದಕ್ಕೆ ಕಾರಣ ಬಾಕ್ಸ್ ಮಾಡೆಲ್. ಪುಟದಲ್ಲಿರುವ ಪ್ರತಿ ವಸ್ತುವೂ ಒಂದು ಪೆಟ್ಟಿಗೆ. ಒಳಗೆ ವಿಷಯ, ಸುತ್ತ ಪ್ಯಾಡಿಂಗ್, ಅದರ ಆಚೆ ಬಾರ್ಡರ್, ಅದರಾಚೆ ಮಾರ್ಜಿನ್. ಅಗಲ 300 ಪಿಕ್ಸೆಲ್ ಅಂತ ಕೊಟ್ಟು, ಎರಡೂ ಬದಿಗೆ 20ರ ಪ್ಯಾಡಿಂಗ್, 5ರ ಬಾರ್ಡರ್ ಹಾಕಿದರೆ ಪೆಟ್ಟಿಗೆ ಹಿಡಿಯುವ ಜಾಗ 350. ಬಾಕ್ಸ್ ಸೈಜಿಂಗ್ ಅನ್ನುವ ಸಿಎಸ್‌ಎಸ್ ಸೂಚನೆ ಬದಲಿಸಿದರೆ ಮಾತ್ರ 300ರಲ್ಲೇ ನಿಲ್ಲುತ್ತದೆ. ಈ ಒಂದು ಲೆಕ್ಕ ತಲೆಯಲ್ಲಿ ಕೂತ ಹುಡುಗನಿಗೆ ಉಳಿದದ್ದನ್ನು ನಾನು ಕೆಲಸದಲ್ಲೇ ಕಲಿಸಬಲ್ಲೆ. ಇದು ಗೊತ್ತಿಲ್ಲದಿದ್ದರೆ ಎಷ್ಟು ಫ್ರೇಮ್‌ವರ್ಕ್ ಗೊತ್ತಿದ್ದರೂ ಕಷ್ಟ.

ಮೇಡಂ, ಸ್ವಲ್ಪ ಇತಿಹಾಸವನ್ನೂ ಹೇಳಿ. ಪರೀಕ್ಷೆಯ ಉತ್ತರಕ್ಕಾಗಿ ಬೇಡ, ಯಾವುದು ಏಕೆ ಬಂತು ಅಂತ ಗೊತ್ತಾಗಲಿ ಅಂತ. ಟಿಮ್ ಬರ್ನರ್ಸ್ ಲೀ 1989ರಲ್ಲಿ ಜಿನೀವಾ ಹತ್ತಿರದ ಸರ್ನ್ ಪ್ರಯೋಗಾಲಯದಲ್ಲಿ ವೆಬ್ ಯೋಚನೆ ಮುಂದಿಟ್ಟಾಗ ಉದ್ದೇಶ ಒಂದೇ. ಬೇರೆ ಬೇರೆ ಕಂಪ್ಯೂಟರ್ ಬಳಸುವ ವಿಜ್ಞಾನಿಗಳು ಒಬ್ಬರ ಬರಹ ಇನ್ನೊಬ್ಬರು ಓದಬೇಕು. ಅಂದರೆ ಯಾವ ಯಂತ್ರದಲ್ಲಾದರೂ ಪುಟ ತೆರೆಯಬೇಕು ಅನ್ನೋದು ಮೊದಲಿನಿಂದಲೂ ಇದೆ. ಬಣ್ಣ, ಅಳತೆಯನ್ನು ಬರಹದಿಂದ ಬೇರೆ ಇಡೋಣ ಅಂತ ಹೋಕನ್ ವಿಯಮ್ ಲೀ 1994ರಲ್ಲಿ ಸಿಎಸ್‌ಎಸ್ ಸೂಚಿಸಿದರು. 1996ರ ಡಿಸೆಂಬರ್‌ನಲ್ಲಿ ಅದು ವೆಬ್ ನಿಯಮಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯ ಶಿಫಾರಸು ಆಯಿತು. ಇದು ಗೊತ್ತಿದ್ದರೆ ನಿಮ್ಮ ಆ ಹುಡುಗ "ಬಣ್ಣ ಎಲ್ಲಿ ಬದಲಿಸಬೇಕು" ಅನ್ನೋದಕ್ಕೆ ತಡವರಿಸುತ್ತಿರಲಿಲ್ಲ. ಅವನಿಗೆ ಯಾರೋ ಬಣ್ಣವನ್ನು ಫಾಂಟ್ ಟ್ಯಾಗ್ ಒಳಗೆ ಕಲಿಸಿರಬೇಕು, ಅಲ್ವಾ?

ಹುಲಿಗಿ_ಮೇಡಂ

ಹೌದು ಸರ್, ಫಾಂಟ್ ಟ್ಯಾಗ್. ಕಲಿಸಿದ್ದು ನಾನೇ. ಪಠ್ಯಕ್ರಮದಲ್ಲಿ ಇತ್ತು. ಫ್ರೇಮ್‌ಸೆಟ್, ಮಾರ್ಕೀ, ಸೆಂಟರ್ ಎಲ್ಲವೂ ಇದ್ದವು. ಟ್ಯಾಗ್‌ಗಳ ಭಾಷೆಯಾದ ಎಚ್‌ಟಿಎಂಎಲ್‌ನ ಐದನೇ ಆವೃತ್ತಿ, ಎಚ್‌ಟಿಎಂಎಲ್5, ಇವನ್ನೆಲ್ಲ ಕೈಬಿಟ್ಟಿದೆ. ಅದು ಶಿಫಾರಸಾಗಿ ಬಂದದ್ದೇ 2014ರ ಅಕ್ಟೋಬರ್‌ನಲ್ಲಿ. ಆದರೂ ಪ್ರಶ್ನೆಪತ್ರಿಕೆಯಲ್ಲಿ ಫ್ರೇಮ್ ಬಗ್ಗೆ ಹತ್ತು ಅಂಕದ ಪ್ರಶ್ನೆ ಬಂದರೆ ನನ್ನ ಮಕ್ಕಳು ಬರೆಯಬೇಕಲ್ಲ.

ಈ ಸಲ ಒಂದು ದಾರಿ ಮಾಡಿದ್ದೇನೆ. ಹಳೆಯ ಟ್ಯಾಗ್‌ಗಳನ್ನೆಲ್ಲ ಒಂದೇ ತರಗತಿಯಲ್ಲಿ ಹೇಳಿ, "ಇವು ಉತ್ತರ ಪತ್ರಿಕೆಗೆ, ನಿಮ್ಮ ಪುಟದಲ್ಲಿ ಕಾಣಬಾರದು" ಅಂತ ಹೇಳುತ್ತೇನೆ. ಮಾರ್ಕೀಯ ಓಡುವ ಅಕ್ಷರ ಅಂದರೆ ಮಕ್ಕಳಿಗೆ ಪ್ರಾಣ. ಅದನ್ನು ಬಿಡಿಸೋದೇ ಕಷ್ಟ.

ಕುಷ್ಟಗಿಯ ತಂಗಿ, ನಿನ್ನ ಸಾಲು ಹಾಳೆಯ ಮೊದಲನೇ ಸಾಲಾಯಿತು. ಮೂರು ವಾರ ಹಾಗೆ ಕೂತಿದ್ದೆ ಅಂದೆಯಲ್ಲ, ಓದಿ ಬೇಜಾರಾಯಿತು. ನನ್ನ ಲ್ಯಾಬಿನಲ್ಲೂ ಅಂಥವರು ಇದ್ದಿರಬೇಕು.

ಗಂಗಾವತಿ_ಅಪ್ಪ

ನಾನು ಪಾಠ ಹೇಳುವವನಲ್ಲ. ಗಂಗಾವತಿಯಲ್ಲಿ ರೈಸ್ ಮಿಲ್‌ನ ಲೆಕ್ಕ ಬರೆಯುತ್ತೇನೆ. ಮಗಳು ಈ ವರ್ಷ ಬಿಸಿಎ ಸೇರಿದ್ದಾಳೆ. ಅವಳಿಗೆ ಲ್ಯಾಪ್‌ಟಾಪ್ ಬೇಕೇ ಬೇಕಂತೆ. ಅಂಗಡಿಯವರು ಐವತ್ತು ಸಾವಿರದ್ದು ತೋರಿಸುತ್ತಾರೆ. ಕಮ್ಮಿಯದು ತಗೊಂಡರೆ ಕೋರ್ಸಿಗೆ ಸಾಲಲ್ಲ ಅಂತಾರೆ. ಸಾಲ ಮಾಡೋಕೆ ನಾನು ತಯಾರಿದ್ದೇನೆ, ಅವಳ ಓದು ನಿಲ್ಲಬಾರದು. ಆದರೆ ನಿಜಕ್ಕೂ ಬೇಕಾ? ದಯವಿಟ್ಟು ಬಲ್ಲವರು ಹೇಳಿ.

ಬಳ್ಳಾರಿ_ಕೋಟೆ

ಅಣ್ಣಾ, ಈ ವಿಷಯಕ್ಕೋಸ್ಕರ ಸಾಲ ಮಾಡಬೇಡಿ. ಎಚ್‌ಟಿಎಂಎಲ್, ಸಿಎಸ್‌ಎಸ್ ಅಂದರೆ ಬರೀ ಅಕ್ಷರ ಟೈಪ್ ಮಾಡುವುದು. ನೋಟ್‌ಪ್ಯಾಡ್ ಮತ್ತು ಬ್ರೌಸರ್ ಇದ್ದರೆ ಆಯಿತು. ನಾವು ಟೈಪ್ ಮಾಡೋಕೆ ಬಳಸುವ ವಿಎಸ್ ಕೋಡ್ ಉಚಿತ. 4 ಜಿಬಿ ರ‍್ಯಾಮ್ ಇರುವ ಹಳೆಯ ಲ್ಯಾಪ್‌ಟಾಪ್‌ನಲ್ಲೂ ನಡೆಯುತ್ತದೆ. ಸೆಕೆಂಡ್ ಹ್ಯಾಂಡ್ ಸಿಕ್ಕರೆ ತಗೊಳ್ಳಿ. ಅದರಲ್ಲೂ ಕೀಬೋರ್ಡ್ ಮತ್ತು ಬ್ಯಾಟರಿ ನೋಡಿ ತಗೊಳ್ಳಿ, ನಮ್ಮ ಕರೆಂಟಿಗೆ ಬ್ಯಾಟರಿಯೇ ಮುಖ್ಯ. ಗೇಮ್ ಆಡುವವರ ಗ್ರಾಫಿಕ್ಸ್ ಕಾರ್ಡ್ ನಿಮ್ಮ ಮಗಳಿಗೆ ಬೇಡ.

ಅದೂ ಆಗದಿದ್ದರೆ ಆಂಡ್ರಾಯ್ಡ್ ಮೊಬೈಲ್‌ನಲ್ಲೇ ಕೋಡ್ ಬರೆಯುವ ಉಚಿತ ಆ್ಯಪ್‌ಗಳಿವೆ. ನನ್ನ ಇಬ್ಬರು ವಿದ್ಯಾರ್ಥಿಗಳು ಹೋದ ವರ್ಷ ಹಾಗೇ ಮುಗಿಸಿದರು. ಬೆರಳಿಗೆ ಕಷ್ಟ, ಆದರೆ ಆಗುತ್ತದೆ. ಕಾಲೇಜು ಲ್ಯಾಬ್ ಖಾಲಿ ಇದ್ದಾಗ ಕೂತು ಮಾಡೋಕೆ ಅನುಮತಿ ಕೇಳು ಅಂತ ಮಗಳಿಗೆ ಹೇಳಿ. ಅವಳು ಕೇಳಿದರೆ ಬೇಡ ಅನ್ನುವ ಉಪನ್ಯಾಸಕರು ಕಡಿಮೆ.

ಗಂಗಾವತಿ_ಅಪ್ಪ

ತುಂಬ ಉಪಕಾರ ಆಯಿತು ಸರ್. ರಾತ್ರಿ ನಿದ್ದೆ ಬಂದಿರಲಿಲ್ಲ.

ದನಿಯಲ್ಲಿ_ಓದುವವ

ನಮಸ್ಕಾರ. ಬಳ್ಳಾರಿಯವನು, ಬ್ಯಾಂಕಿನಲ್ಲಿ ಕೆಲಸ. ನನಗೆ ಕಣ್ಣು ಕಾಣುವುದಿಲ್ಲ. ಈ ಚರ್ಚೆಯನ್ನೂ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್‌ನಲ್ಲಿ ಕೇಳಿ ಬರೆಯುತ್ತಿದ್ದೇನೆ. ಅದು ಉಚಿತ. 2006ರಲ್ಲಿ ಅದನ್ನು ಶುರು ಮಾಡಿದ ಆಸ್ಟ್ರೇಲಿಯಾದ ಮೈಕೆಲ್ ಕರನ್ ಅವರಿಗೂ ಕಣ್ಣು ಕಾಣದು.

ನಿಮ್ಮ ಮಕ್ಕಳ ಪುಟ ನಾನು ತೆರೆದರೆ ಏನು ಕೇಳುತ್ತದೆ ಅಂತ ಹೇಳುತ್ತೇನೆ. ಮೊನ್ನೆ ನಮ್ಮ ಕಡೆಯ ಒಂದು ಅಂಗಡಿಯ ಪುಟ ತೆರೆದೆ. "ಗ್ರಾಫಿಕ್, ಐಎಂಜಿ, 2034. ಗ್ರಾಫಿಕ್, ಐಎಂಜಿ, 2035." ಹೀಗೇ ಇಪ್ಪತ್ತು ಸಲ. ಅವು ಜೀನ್ಸ್ ಪ್ಯಾಂಟಿನ ಚಿತ್ರಗಳು ಅಂತ ಆಮೇಲೆ ಹೆಂಡತಿ ನೋಡಿ ಹೇಳಿದಳು. ಕೆಳಗೆ ಆರ್ಡರ್ ಫಾರ್ಮ್ ಇತ್ತು. "ಎಡಿಟ್, ಖಾಲಿ. ಎಡಿಟ್, ಖಾಲಿ. ಎಡಿಟ್, ಖಾಲಿ." ಯಾವುದರಲ್ಲಿ ಹೆಸರು, ಯಾವುದರಲ್ಲಿ ವಿಳಾಸ? ವಾಪಸ್ ಬಂದೆ. ಪ್ಯಾಂಟ್ ಕೊಳ್ಳುವ ಆಸೆ ಇತ್ತು.

ಇದಕ್ಕೆ ಬೇಕಾಗಿದ್ದು ದೊಡ್ಡ ವಿದ್ಯೆಯೇನಲ್ಲ. ಚಿತ್ರದ ಟ್ಯಾಗ್‌ನಲ್ಲಿ ಆಲ್ಟ್ ಅಂತ ಒಂದು ಜಾಗ ಇದೆ. "ನೀಲಿ ಜೀನ್ಸ್, ಸೊಂಟ 34" ಅಂತ ಬರೆದರೆ ಸಾಕು. ಫಾರ್ಮ್‌ನ ಪ್ರತಿ ಖಾನೆಗೂ ಲೇಬಲ್ ಕಟ್ಟಬೇಕು. ಪುಟ ಕನ್ನಡದ್ದಾದರೆ ಮೇಲಿನ ಎಚ್‌ಟಿಎಂಎಲ್ ಟ್ಯಾಗ್‌ನಲ್ಲೇ ಭಾಷೆ ಕನ್ನಡ ಅಂತ ಹೇಳಬೇಕು, ಅದರ ಗುರುತು ಕೆ ಮತ್ತು ಎನ್ ಎರಡೇ ಅಕ್ಷರ. ಇಲ್ಲದಿದ್ದರೆ ಇಂಗ್ಲಿಷ್ ದನಿ ಕನ್ನಡ ಓದೋಕೆ ಹೋಗಿ ತೊದಲುತ್ತದೆ. ಕಣ್ಣು ಮಂಜಾದ ಹಿರಿಯರಿಗಾಗಿ ಅಕ್ಷರದ ಬಣ್ಣಕ್ಕೂ ಹಿನ್ನೆಲೆಗೂ ಅಂತರ ಇಡಿ. ಡಬ್ಲ್ಯು3ಸಿಯ ಮಾರ್ಗಸೂಚಿ ಸಾಮಾನ್ಯ ಅಕ್ಷರಕ್ಕೆ ಕನಿಷ್ಠ 4.5ಕ್ಕೆ 1 ಅನುಪಾತ ಕೇಳುತ್ತದೆ. ಹಳದಿಯ ಮೇಲೆ ಬಿಳಿ ಅಕ್ಷರ ಬರೆಯುವ ಮಕ್ಕಳಿಗೆ ಇದನ್ನು ಹೇಳಿ.

ಇದನ್ನು ಕೊನೆಯ ಪಾಠವಾಗಿ ಇಡಬೇಡಿ ಮೇಡಂ. ಕೊನೆಯ ಪಾಠ ಯಾವಾಗಲೂ ಉಳಿದುಹೋಗುತ್ತದೆ. ಚಿತ್ರದ ಟ್ಯಾಗ್ ಹೇಳಿದ ದಿನವೇ ಆಲ್ಟ್ ಹೇಳಿ.

ಹುಲಿಗಿ_ಮೇಡಂ

ಸರ್, ಆರು ವರ್ಷದಲ್ಲಿ ಆಲ್ಟ್ ಬಗ್ಗೆ ನಾನು ಹೇಳಿದ್ದು ಒಂದೇ ಸಾಲು. "ಚಿತ್ರ ಬರದಿದ್ದರೆ ಅದರ ಬದಲು ಕಾಣುವ ಅಕ್ಷರ" ಅಂತ. ಇನ್ನು ಹಾಗಾಗುವುದಿಲ್ಲ. ಒಂದು ವಿನಂತಿ ಇದೆ. ಸೆಮಿಸ್ಟರ್ ಕೊನೆಗೆ ಮಕ್ಕಳ ಪುಟಗಳ ಲಿಂಕ್ ಕಳಿಸಿದರೆ ನೀವು ಎರಡು ಮೂರನ್ನಾದರೂ ಕೇಳಿ ನೋಡುತ್ತೀರಾ? ನಿಮಗೆ ಏನು ಕೇಳಿಸಿತು ಅಂತ ರೆಕಾರ್ಡ್ ಮಾಡಿ ಕಳಿಸಿದರೆ ಮಕ್ಕಳಿಗೆ ಕೇಳಿಸುತ್ತೇನೆ.

ದನಿಯಲ್ಲಿ_ಓದುವವ

ಖಂಡಿತ. ಎಲ್ಲವನ್ನೂ ಕೇಳುತ್ತೇನೆ, ಭಾನುವಾರ ರಜೆ ಇದೆ.

ರಾಯಚೂರು_ಲ್ಯಾಬ್

ರಾಯಚೂರಿನಿಂದ. ಲ್ಯಾಬ್ ನೋಡಿಕೊಳ್ಳುವ ಕೆಲಸ ನನ್ನದು, ಮಕ್ಕಳ ಪರದೆ ದಿನವೂ ಕಣ್ಣೆದುರು ಇರುತ್ತದೆ. ಯಾರೂ ಇನ್ನೂ ಹೇಳದ ಎರಡು ಮಾತು.

ಒಂದು ಕನ್ನಡದ್ದು. ನಮ್ಮ ಹುಡುಗನೊಬ್ಬ ಮಸ್ಕಿ ಶಾಸನದ ಬಗ್ಗೆ ಪುಟ ಮಾಡಿದ. ಅಶೋಕ ಅನ್ನುವ ಹೆಸರೇ ಕೆತ್ತಿರುವ ಆ ಶಾಸನ, 1915ರಲ್ಲಿ ಸಿಕ್ಕಿದ್ದು. ವಿಷಯ ಚೆನ್ನಾಗಿತ್ತು. ನುಡಿಯ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿಸಿ ತಂದಿದ್ದ. ಅವನ ಸಿಸ್ಟಂನಲ್ಲಿ ಕನ್ನಡ ಕಾಣುತ್ತಿತ್ತು. ನನ್ನ ಮೊಬೈಲ್‌ನಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ಚುಕ್ಕಿ, ಕೊಕ್ಕೆ. ಹಳೆಯ ಫಾಂಟ್‌ಗಳಲ್ಲಿ ಒಳಗಿರುವುದು ಇಂಗ್ಲಿಷ್ ಅಕ್ಷರವೇ, ಮೇಲೆ ಕನ್ನಡದ ಚಿತ್ರ ಹೊದಿಸಿರುತ್ತಾರೆ. ಆ ಫಾಂಟ್ ಇಲ್ಲದ ಕಡೆ ಹೊದಿಕೆ ಇರುವುದಿಲ್ಲ. ಎಲ್ಲ ಭಾಷೆಯ ಅಕ್ಷರಗಳಿಗೂ ಬೇರೆ ಬೇರೆ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಕನ್ನಡಕ್ಕೆ ತನ್ನದೇ ಜಾಗ ಇದೆ. ಹಾಗಾಗಿ ಯೂನಿಕೋಡ್‌ನಲ್ಲಿ ಟೈಪ್ ಮಾಡೋದು, ಪುಟದ ತಲೆಯಲ್ಲಿ ಅದರ ಗುರುತಾದ ಯುಟಿಎಫ್8 ಅಂತ ಹೇಳೋದು, ಇವೆರಡನ್ನೂ ಮೊದಲ ವಾರವೇ ಮಕ್ಕಳಿಂದ ನಿರೀಕ್ಷೆ ಮಾಡಿ. ಸಾಲುಗಳ ನಡುವಿನ ಅಂತರವನ್ನೂ ನೋಡಿಕೊಳ್ಳಲಿ. ಇಂಗ್ಲಿಷ್ ಪುಟದಿಂದ ತಂದ ಲೈನ್ ಹೈಟ್‌ನಲ್ಲಿ "ರಾಷ್ಟ್ರ" ಅಂತ ಬರೆದರೆ ಕೆಳಗಿನ ಒತ್ತು ಮುಂದಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ನಾನು 1.7 ಇಡಿಸುತ್ತೇನೆ.

ಎರಡನೆಯದು ಚಾಟ್‌ಜಿಪಿಟಿ. 2022ರ ನವೆಂಬರ್‌ನಲ್ಲಿ ಅದು ಬಂದಮೇಲೆ ಲ್ಯಾಬ್ ಸದ್ದು ನಿಂತಿದೆ. ಮೊದಲು ಮಕ್ಕಳು ಒಬ್ಬರನ್ನೊಬ್ಬರು ಕೇಳುತ್ತಿದ್ದರು, ಜಗಳ ಆಡುತ್ತಿದ್ದರು, ಅಲ್ಪವಿರಾಮ ಹುಡುಕುತ್ತಿದ್ದರು. ಈಗ ಪ್ರಶ್ನೆ ಹಾಕುತ್ತಾರೆ, ಬಂದಿದ್ದನ್ನು ಅಂಟಿಸುತ್ತಾರೆ. ಪುಟ ಚೆನ್ನಾಗೇ ಬರುತ್ತದೆ. ನನಗೆ ಹೊಟ್ಟೆಯೊಳಗೆ ಸಂಕಟ. ನಿಷೇಧ ಮಾಡಬೇಕು ಅನ್ನೋದು ನನ್ನ ಅಭಿಪ್ರಾಯ.

ಸಿಂಧನೂರು_ಡೆವಲಪರ್

ನಿಷೇಧ ಮಾಡಿದರೆ ಬಚ್ಚಿಟ್ಟುಕೊಂಡು ಬಳಸುತ್ತಾರೆ ಸರ್. ನಾವೂ ಕೆಲಸದಲ್ಲಿ ಬಳಸುತ್ತೇವೆ. ಆದರೆ ಅದು ಕೊಟ್ಟಿದ್ದರಲ್ಲಿ ತಪ್ಪು ಎಲ್ಲಿದೆ ಅಂತ ನಮಗೆ ಕಾಣುತ್ತದೆ, ಏಕೆಂದರೆ ಒಂದು ಕಾಲದಲ್ಲಿ ಆ ತಪ್ಪನ್ನು ನಾವೇ ಮಾಡಿ ಕೂತು ಹುಡುಕಿದ್ದೇವೆ. ಮಕ್ಕಳಿಗೆ ಆ ಕಾಲವೇ ಸಿಗದೆ ಹೋದರೆ ಅನ್ನೋದು ನನ್ನ ಚಿಂತೆಯೂ ಹೌದು.

ಹುಲಿಗಿ_ಮೇಡಂ

ನನಗೂ ಇದಕ್ಕೆ ಪೂರ್ತಿ ಉತ್ತರ ಸಿಕ್ಕಿಲ್ಲ. ಸದ್ಯಕ್ಕೆ ಹೀಗೆ ಮಾಡೋಣ ಅಂತಿದ್ದೇನೆ. ಮೊದಲ ಆರು ವಾರ ಲ್ಯಾಬಿನಲ್ಲಿ ಮೊಬೈಲ್ ಬ್ಯಾಗಿನೊಳಗೆ. ಕೈಯಿಂದಲೇ ಟೈಪ್ ಮಾಡಬೇಕು, ತಪ್ಪಬೇಕು, ಹುಡುಕಬೇಕು. ಆಮೇಲೆ ಯಾರನ್ನಾದರೂ ಕೇಳಲಿ, ಯಾವ ಯಂತ್ರವನ್ನಾದರೂ ಕೇಳಲಿ. ಆದರೆ ವೈವಾದಲ್ಲಿ ಅವರ ಪುಟದ ಒಂದು ಸಾಲನ್ನು ನಾನು ಅಳಿಸುತ್ತೇನೆ. ಬ್ರೌಸರ್ ರಿಫ್ರೆಶ್ ಮಾಡುವ ಮೊದಲೇ ಏನಾಗುತ್ತದೆ ಅಂತ ಅವರು ಹೇಳಬೇಕು. ಪುಟವನ್ನು ಪರದೆಯ ಅಗಲಕ್ಕೆ ಹೊಂದಿಸುವ ವ್ಯೂಪೋರ್ಟ್ ಸಾಲು ಅಳಿಸಿದರೆ? ಮೊಬೈಲ್‌ನಲ್ಲಿ ಪುಟ ಇರುವೆಯಷ್ಟು ಸಣ್ಣದಾಗುತ್ತದೆ. ಗೊತ್ತಿದ್ದವರು ಹೇಳುತ್ತಾರೆ. ಅಂಟಿಸಿದವರು ಹೇಳಲಾರರು. ಅಂಕದಲ್ಲಿ ಅರ್ಧ ಇದಕ್ಕೆ.

ಬಳ್ಳಾರಿ ಸರ್, ರೆಕಾರ್ಡ್ ಬಗ್ಗೆ ನಿಮ್ಮ ಮಾತು ಒಪ್ಪಿದೆ. ಆದರೆ ಅದರಲ್ಲಿ ಪ್ರೋಗ್ರಾಂ ಬರೆಸುವ ಬದಲು, ಅವತ್ತು ಯಾವ ತಪ್ಪು ಬಂತು, ಹೇಗೆ ಸಿಕ್ಕಿತು ಅಂತ ಬರೆಸುತ್ತೇನೆ. ಕಾಟು ಹೊಡೆದಿದ್ದರೂ ನಡೆಯುತ್ತದೆ.

ಕಿನ್ನಾಳ_ಹುಡುಗ

ಮೇಡಂ, ನಾನು ಬೇರೆ ಕಾಲೇಜು. ಹೋದ ಸೆಮಿಸ್ಟರ್‌ನಲ್ಲಿ ವೆಬ್ ಡಿಸೈನ್ ಪಾಸಾದೆ, ಒಳ್ಳೆ ಅಂಕವೇ ಬಂತು. ಆದರೆ ಒಂದು ಪುಟವನ್ನೂ ನೆಟ್‌ಗೆ ಹಾಕಿರಲಿಲ್ಲ. ಹೇಗೆ ಹಾಕೋದು ಅಂತ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ನಿಮ್ಮ ಬರಹ ಓದಿ ನಿನ್ನೆ ರಾತ್ರಿ ಕೂತೆ. ನಮ್ಮ ಮಾವ ಕಿನ್ನಾಳ ಗೊಂಬೆ ಮಾಡುತ್ತಾರೆ. ಹಗುರ ಮರದಲ್ಲಿ ಕೆತ್ತಿ, ಹುಣಸೆ ಬೀಜದ ಅಂಟು ಹಾಕಿ, ಬಣ್ಣ ಬಳಿಯುತ್ತಾರೆ. ಅವರ ಮೂರು ಗೊಂಬೆಯ ಫೋಟೊ ಹಾಕಿ ಪುಟ ಮಾಡಿ, ಪುಟಗಳನ್ನು ನೆಟ್‌ನಲ್ಲಿ ಇಡೋಕೆ ಜಾಗ ಕೊಡುವ ಗಿಟ್‌ಹಬ್ ಪೇಜಸ್‌ಗೆ ಏರಿಸಿದೆ. ಪುಟ ಬಂತು! ಆದರೆ ಒಂದೇ ಚಿತ್ರ ಕಾಣುತ್ತದೆ. ಉಳಿದ ಎರಡರ ಜಾಗದಲ್ಲಿ ಹರಿದ ಕಾಗದದ ಗುರುತು. ನನ್ನ ಲ್ಯಾಪ್‌ಟಾಪ್‌ನಲ್ಲಿ ಮೂರೂ ಚೆನ್ನಾಗಿ ಬರುತ್ತವೆ. ಏನು ತಪ್ಪಿರಬಹುದು?

ಕುಷ್ಟಗಿ_ಬಿಸಿಎ

ತಮ್ಮಾ, ಚಿತ್ರದ ದಾರಿಯಲ್ಲಿ ಸಿ ಡ್ರೈವ್ ಅಂತ ಏನಾದರೂ ಇದೆಯಾ ನೋಡು. ಇದ್ದರೆ ಅದು ನಿನ್ನ ಕಂಪ್ಯೂಟರ್‌ನ ವಿಳಾಸ, ಬೇರೆಯವರಿಗೆ ಸಿಗಲ್ಲ.

ಕಿನ್ನಾಳ_ಹುಡುಗ

ಇಲ್ಲ ಅಕ್ಕಾ. ಮೂರೂ ಒಂದೇ ಫೋಲ್ಡರ್‌ನಲ್ಲಿವೆ. ಮೂರಕ್ಕೂ ಒಂದೇ ತರಹ ಬರೆದಿದ್ದೇನೆ. ಕಾಣುತ್ತಿರೋದು ಮಾವ ವಾಟ್ಸಾಪ್‌ನಲ್ಲಿ ಕಳಿಸಿದ್ದು. ಕಾಣದ ಎರಡು ಸ್ಟುಡಿಯೊ ಕ್ಯಾಮೆರಾದಲ್ಲಿ ತೆಗೆದದ್ದು.

ಸಿಂಧನೂರು_ಡೆವಲಪರ್

ಅಲ್ಲೇ ಇದೆ. ಕ್ಯಾಮೆರಾದ ಫೈಲ್ ಹೆಸರಿನ ಕೊನೆ ನೋಡು. ಜೆಪಿಜಿ ಅನ್ನೋದು ದೊಡ್ಡಕ್ಷರದಲ್ಲಿರಬೇಕು. ನೀನು ಕೋಡ್‌ನಲ್ಲಿ ಸಣ್ಣಕ್ಷರದಲ್ಲಿ ಬರೆದಿದ್ದೀಯ. ವಿಂಡೋಸ್‌ಗೆ ದೊಡ್ಡದು ಸಣ್ಣದು ಎರಡೂ ಒಂದೇ, ಹಾಗಾಗಿ ನಿನ್ನಲ್ಲಿ ತೆರೆಯಿತು. ಪುಟ ಕೂತಿರುವ ಸರ್ವರ್‌ಗೆ ಎರಡೂ ಬೇರೆ ಬೇರೆ ಫೈಲ್. ಬಳ್ಳಾರಿ ಸರ್ ಎಲ್ಲ ಸಣ್ಣಕ್ಷರ ಅಂದಿದ್ದು ಇದಕ್ಕೇ.

ಇನ್ನೊಂದು. ಆ ಫೋಟೊಗಳು ಎಷ್ಟು ದೊಡ್ಡವು ನೋಡು. 4 ಎಂಬಿ ಇದ್ದರೆ, ಸೆಕೆಂಡಿಗೆ 1 ಮೆಗಾಬಿಟ್ ಬರುವ ಹಳ್ಳಿಯ ನೆಟ್‌ನಲ್ಲಿ ಒಂದು ಗೊಂಬೆ ಕಾಣೋಕೆ ಅರ್ಧ ನಿಮಿಷ ಬೇಕು. ಅಗಲ 800 ಪಿಕ್ಸೆಲ್‌ಗೆ ಇಳಿಸಿ ಸೇವ್ ಮಾಡು, 200 ಕೆಬಿ ಒಳಗೆ ಬರುತ್ತದೆ.

ದನಿಯಲ್ಲಿ_ಓದುವವ

ಮೂರಕ್ಕೂ ಆಲ್ಟ್ ಬರೆದಿದ್ದೀಯಾ ತಮ್ಮಾ?

ಕಿನ್ನಾಳ_ಹುಡುಗ

ಬಂತು! ಮೂರೂ ಬಂದವು. ಹೆಸರಿನ ಕೊನೆಯ ಮೂರಕ್ಷರ ಬದಲಿಸಿದ್ದಷ್ಟೇ. ಫೋಟೊ ಸಣ್ಣ ಮಾಡಿದೆ.

ಆಲ್ಟ್ ಬರೆದಿರಲಿಲ್ಲ ಸರ್. ಈಗ ಬರೆಯೋಕೆ ಕೂತೆ. "ಗೊಂಬೆ" ಅಂತ ಬರೆದು ಮಾವನಿಗೆ ಓದಿ ಹೇಳಿದೆ. ಅವರಿಗೆ ಅದು ಹಿಡಿಸಲಿಲ್ಲ. ಪಕ್ಕದಲ್ಲಿ ಕೂತು ಒಂದೊಂದೇ ಹೇಳಿಸಿದರು. "ಹಸಿರು ಸೀರೆ, ಕೆಂಪು ಅಂಚು, ಎಡಗೈಯಲ್ಲಿ ಗಿಣಿ ಹಿಡಿದ ಹೆಣ್ಣು, ಒಂದು ಗೇಣು ಎತ್ತರ" ಅಂತ ಬರಿ ಅಂದರು. ಬರೆದಿದ್ದೇನೆ. ಇನ್ನೆರಡು ಉಳಿದಿವೆ. ಕುಂಚ ಕೆಳಗಿಟ್ಟು ಇನ್ನೂ ಇಲ್ಲೇ ಕೂತಿದ್ದಾರೆ, ಹಾಗಾಗಿ ಅದನ್ನು ಮುಗಿಸಿ ಲಿಂಕ್ ಹಾಕುತ್ತೇನೆ.